ಬರೆದದ್ದು ಒಂದು, ಉಳಿದದ್ದು ಇನ್ನೊಂದು: ರಕ್ತದಾನಿಗಳ ಪಟ್ಟಿ ಕಲಿಸಿದ ಪಾಠ

ಕಳೆದ ವರ್ಷ ನಮ್ಮ ಕಾಲೇಜಿನ ಎನ್ನೆಸ್ಸೆಸ್ ಘಟಕದಿಂದ ರಕ್ತದಾನಿಗಳ ಪಟ್ಟಿ ಮಾಡಲು ಹೊರಟಾಗ, ಅದಕ್ಕೊಂದು ವೆಬ್ ಪುಟ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಅಕೌಂಟೆನ್ಸಿಯ ಜೊತೆಗೆ ಕಂಪ್ಯೂಟರ್ ಸೈನ್ಸ್ ಇರುವುದರಿಂದ ಪೈಥಾನ್ ಮತ್ತು ಎಸ್‌ಕ್ಯೂಎಲ್ ಸ್ವಲ್ಪ ಗೊತ್ತು. ಉಳಿದದ್ದನ್ನು ಮಂಗಳೂರಿನಲ್ಲಿ ಬಿಸಿಎ ಓದುತ್ತಿರುವ ಭಾಯಿಜಾನ್ ರಜೆಗೆ ಬಂದಾಗ ಹೇಳಿಕೊಟ್ಟರು. ರಕ್ತ ಕೊಡಲು 18 ವರ್ಷ ತುಂಬಿರಬೇಕು, ನನಗಿನ್ನೂ ಹದಿನೇಳು. ಕೊಡಲಾಗದಿದ್ದರೇನು, ಪಟ್ಟಿಯಾದರೂ ಮಾಡೋಣ ಎಂದು ಒಪ್ಪಿಕೊಂಡೆ.

ಪುಟ ಸಿದ್ಧವಾಯಿತು. ಹೆಸರು, ವಯಸ್ಸು, ಊರು, ಫೋನ್, ರಕ್ತದ ಗುಂಪು, ಕೊನೆಯ ಸಲ ರಕ್ತ ಕೊಟ್ಟದ್ದು ಯಾವಾಗ ಎಂದು ಆರು ಖಾಲಿ ಜಾಗ. ಡೇಟಾಬೇಸಿನಲ್ಲೂ ಅದೇ ಹೆಸರಿನ ಆರು ಕಾಲಂ. ಬರೆದದ್ದು ಹಾಗೆಯೇ ಹೋಗಿ ಕುಳಿತುಕೊಳ್ಳುತ್ತದೆ, ಎಷ್ಟು ಸುಲಭ ಎಂದುಕೊಂಡೆ. ಲಿಂಕನ್ನು ವಾಟ್ಸಾಪ್ ಗ್ರೂಪುಗಳಿಗೆ ಹಾಕಿದೆವು. ಹಳೆ ವಿದ್ಯಾರ್ಥಿಗಳು, ಉಪನ್ಯಾಸಕರು, ಪೋಷಕರು ಸೇರಿ 143 ಮಂದಿ ತುಂಬಿದರು.

ಒಂದು ದಿನ ಮಧ್ಯಾಹ್ನ ಎನ್ನೆಸ್ಸೆಸ್ ಸರ್‌ಗೆ ಫೋನ್ ಬಂತು. ನಮ್ಮ ಜೂನಿಯರ್ ಒಬ್ಬಳ ತಾಯಿಗೆ ಪುತ್ತೂರಿನಲ್ಲಿ ಆಪರೇಷನ್, ಓ ನೆಗೆಟಿವ್ ರಕ್ತ ಬೇಕು. ಸರ್ ನನ್ನ ಪುಟ ತೆರೆದು 'ಓ-' ಎಂದು ಹುಡುಕಿದರು. ಉತ್ತರ ಬಂತು: 'ಯಾರೂ ಇಲ್ಲ.' ಸರ್‌ಗೆ ಸಂಶಯ ಬಂದು ಇಡೀ ಪಟ್ಟಿಯನ್ನು ಫೋನಿನಲ್ಲೇ ಒಂದೊಂದು ಸಾಲಾಗಿ ಓದಿದರು. ಮೂರು ಜನ ಸಿಕ್ಕರು. ಒಬ್ಬರು 'ಓ ನೆಗೆಟಿವ್' ಎಂದು ಅಕ್ಷರದಲ್ಲಿ ಬರೆದಿದ್ದರು. ಇನ್ನೊಬ್ಬರು ಓ ಅಕ್ಷರದ ಜಾಗದಲ್ಲಿ ಸೊನ್ನೆ ಒತ್ತಿದ್ದರು. ಮೂರನೆಯವರು ನಡುವೆ ಜಾಗ ಬಿಟ್ಟು ಕೊನೆಗೆ 'ವಿಇ' ಸೇರಿಸಿದ್ದರು. ಅವರಲ್ಲಿ ಆಲಂಕಾರಿನ ಹಳೆ ವಿದ್ಯಾರ್ಥಿಯೊಬ್ಬರು ಬೈಕ್ ಹತ್ತಿ ಹೋಗಿ ರಕ್ತ ಕೊಟ್ಟು ಬಂದರು. ಅಲ್‌ಹಮ್ದುಲಿಲ್ಲಾಹ್, ಎಲ್ಲ ಸರಿಹೋಯಿತು. ಆದರೆ ಸರ್ ಆ ಪಟ್ಟಿ ಓದಿದ ಮುಕ್ಕಾಲು ಗಂಟೆಯನ್ನು ನಾನು ಮರೆತಿಲ್ಲ. ಮೂವರೂ ಸತ್ಯವನ್ನೇ ಬರೆದಿದ್ದರು. ತಪ್ಪು ನನ್ನದು.

ಆ ತಪ್ಪು ಏನು, ಅದನ್ನು ಹೇಗೆ ಸರಿಪಡಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರ್ ಓದದವರಿಗೂ ಅರ್ಥವಾಗಲಿ ಎಂದು ನಮ್ಮ ವಾಣಿಜ್ಯದ ಭಾಷೆಯಲ್ಲೇ ಹೇಳುತ್ತೇನೆ.

ವೋಚರ್ ಮತ್ತು ಲೆಡ್ಜರ್

ಅಂಗಡಿಯ ಬಿಲ್ಲು, ಬಸ್ಸಿನ ಚೀಟಿ, ಕೈಯಲ್ಲಿ ಬರೆದ ರಸೀದಿ ಇವೆಲ್ಲ ವೋಚರುಗಳು. ಅವನ್ನು ಯಾರೂ ನೇರವಾಗಿ ಲೆಡ್ಜರಿಗೆ ಅಂಟಿಸುವುದಿಲ್ಲ. ಮೊದಲು ಓದಬೇಕು, ಯಾವ ಖಾತೆ ಡೆಬಿಟ್, ಯಾವುದು ಕ್ರೆಡಿಟ್ ಎಂದು ತೀರ್ಮಾನಿಸಬೇಕು, ಜರ್ನಲ್‌ನಲ್ಲಿ ಬರೆಯಬೇಕು. ಆಮೇಲೆ ಲೆಡ್ಜರಿಗೆ ಪೋಸ್ಟಿಂಗ್. ಒಂದೇ ಬಿಲ್ಲು ಎರಡು ಖಾತೆಗೆ ಹೋಗಬಹುದು. ಬಿಲ್ಲಿನಲ್ಲಿರುವ ಕೆಲವು ಸಂಗತಿಗಳು ಯಾವ ಖಾತೆಗೂ ಹೋಗದಿರಬಹುದು.

ವೆಬ್ ಪುಟದ ಫಾರ್ಮ್ ಎಂದರೆ ವೋಚರ್, ಡೇಟಾಬೇಸ್ ಎಂದರೆ ಲೆಡ್ಜರ್. ಫಾರ್ಮ್ ತುಂಬುವವರು ತಮಗೆ ತಿಳಿದ ಹಾಗೆ ಬರೆಯುತ್ತಾರೆ. ಹುಡುಕಲು, ಕೂಡಿಸಲು, ಹೋಲಿಸಲು ಡೇಟಾಬೇಸಿಗೆ ಎಲ್ಲ ಸಾಲುಗಳೂ ಒಂದೇ ರೂಪದಲ್ಲಿರಬೇಕು. ಇವೆರಡರ ನಡುವೆ ಜರ್ನಲ್‌ನ ಕೆಲಸ ಮಾಡುವುದು ನಾವು ಬರೆಯುವ ಪ್ರೋಗ್ರಾಂ. ನಾನು ಆ ಜರ್ನಲ್ಲನ್ನೇ ಬರೆದಿರಲಿಲ್ಲ. ಫಾರ್ಮಿಗೂ ಟೇಬಲ್ಲಿಗೂ ಒಂದೇ ಹೆಸರಿನ ಆರು ಜಾಗ ಇದ್ದದ್ದರಿಂದ ಎರಡೂ ಒಂದೇ ಎಂದುಕೊಂಡಿದ್ದೆ.

ಇನ್ನೊಂದು ವಿಷಯ. ಬ್ರೌಸರ್ ಸಾಮಾನ್ಯ ಫಾರ್ಮ್‌ನಿಂದ ಕಳಿಸುವುದೆಲ್ಲ ಬರೀ ಅಕ್ಷರಗಳ ಸಾಲು. ನಾವು 18 ಎಂದು ಬರೆದರೆ ಹೋಗುವುದು ಸಂಖ್ಯೆಯಲ್ಲ, ಒಂದು ಮತ್ತು ಎಂಟು ಎಂಬ ಎರಡು ಚಿಹ್ನೆಗಳು. ನಾನು ಬಳಸಿದ ಡೇಟಾಬೇಸ್ ಎಸ್‌ಕ್ಯೂಲೈಟ್, ಪೈಥಾನ್ ಜೊತೆಗೇ ಬರುತ್ತದೆ. ಅದು ಬಹಳ ಸಾಧು. ಕಾಲಂಗೆ 'ದಿನಾಂಕ' ಎಂದು ಹೆಸರಿಟ್ಟ ಮಾತ್ರಕ್ಕೆ ಅಲ್ಲಿ ದಿನಾಂಕವೇ ಬರಬೇಕೆಂದು ಹಟ ಹಿಡಿಯುವುದಿಲ್ಲ, ಕೊಟ್ಟದ್ದನ್ನು ಇಟ್ಟುಕೊಳ್ಳುತ್ತದೆ. ಆದ್ದರಿಂದ ಕಾವಲು ನಾವೇ ಕಾಯಬೇಕು.

ರಕ್ತದ ಗುಂಪು: ಒಂದು ಆಯ್ಕೆ, ಎರಡು ಕಾಲಂ

ಮೊದಲು ಸರಿಪಡಿಸಿದ್ದು ಇದನ್ನು. ಬರೆಯುವ ಜಾಗ ತೆಗೆದು ಎಂಟು ಗುಂಪುಗಳ ಆಯ್ಕೆ ಪಟ್ಟಿ ಇಟ್ಟೆ. ಆರಿಸುವವರಿಗೆ ಕಾಣುವುದು 'ಓ ನೆಗೆಟಿವ್'. ಒಳಗೆ ಅದು ಎರಡು ಕಾಲಂಗಳಿಗೆ ಹೋಗುತ್ತದೆ: ಒಂದರಲ್ಲಿ ಎ, ಬಿ, ಎಬಿ ಅಥವಾ ಓ, ಇನ್ನೊಂದರಲ್ಲಿ ಪಾಸಿಟಿವ್ ಅಥವಾ ನೆಗೆಟಿವ್. ಯಾಕೆಂದರೆ ಇವು ಎರಡು ಬೇರೆ ಸಂಗತಿಗಳು. ಎಬಿಓ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ವಿವರಿಸಿದರು, ಆರ್‌ಎಚ್ ಅಂಶ ಗೊತ್ತಾದದ್ದು ಸುಮಾರು ನಾಲ್ಕು ದಶಕ ಕಳೆದ ಮೇಲೆ. ಎರಡು ಕಾಲಂ ಇದ್ದರೆ 'ನೆಗೆಟಿವ್ ಇರುವ ಎಲ್ಲರನ್ನೂ ತೋರಿಸು' ಎಂದು ಕೇಳುವುದೂ ಸುಲಭ.

ಸೊನ್ನೆ ಒತ್ತಿದವರದ್ದೂ ಅಷ್ಟು ದೊಡ್ಡ ತಪ್ಪಲ್ಲ. ಜರ್ಮನಿಯಂಥ ದೇಶಗಳಲ್ಲಿ ಈ ಗುಂಪನ್ನು ಸೊನ್ನೆ ಎಂದೇ ಬರೆಯುತ್ತಾರೆ.

ಎಂಟೇ ಆಯ್ಕೆ ಕೊಟ್ಟರೆ ಸಾಲದು ಎಂದು ಆಮೇಲೆ ತಿಳಿಯಿತು. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಪತ್ತೆ ಮಾಡಿದ 'ಬಾಂಬೆ ಗುಂಪು' ಎಂಬುದಿದೆ. ಸಾಮಾನ್ಯ ಪರೀಕ್ಷೆಯಲ್ಲಿ ಓ ಹಾಗೆ ಕಂಡರೂ ಅಂಥವರಿಗೆ ಓ ರಕ್ತ ಕೊಡುವಂತಿಲ್ಲ. ತಮ್ಮ ಗುಂಪು ಯಾವುದೆಂದು ಗೊತ್ತಿಲ್ಲದವರೂ ಬೇಕಾದಷ್ಟು ಜನ ಇದ್ದಾರೆ. ಅವರನ್ನು ಎಂಟರಲ್ಲಿ ಒಂದನ್ನು ಆರಿಸಲೇಬೇಕೆಂದು ಒತ್ತಾಯಿಸಿದರೆ ಅವರು ಯಾವುದೋ ಒಂದನ್ನು ಒತ್ತಿ ಮುಂದೆ ಹೋಗುತ್ತಾರೆ. ಆಗ ನಾವೇ ಸುಳ್ಳು ಬರೆಸಿದಂತೆ. ಹಾಗಾಗಿ 'ಗೊತ್ತಿಲ್ಲ' ಮತ್ತು 'ಬೇರೆ' ಎಂಬ ಎರಡು ಆಯ್ಕೆ ಸೇರಿಸಿದೆ. ಪಟ್ಟಿಯಲ್ಲಿ ಏನೇ ಇದ್ದರೂ ರಕ್ತನಿಧಿಯವರು ಮತ್ತೆ ಪರೀಕ್ಷೆ ಮಾಡಿಯೇ ಮಾಡುತ್ತಾರೆ. ನಮ್ಮ ತಪ್ಪಿನಿಂದ ಹಾಳಾಗುವುದು ರೋಗಿಯ ಸಮಯ.

ಕಾಣೆಯಾದ ಕೂಡಿಸುವ ಚಿಹ್ನೆ

ಇದಾದ ಮೇಲೆ ಇನ್ನೊಂದು ಪೆಟ್ಟು ಬಿತ್ತು. ಸರ್‌ಗೆ ಅನುಕೂಲವಾಗಲಿ ಎಂದು ಪ್ರತಿ ಗುಂಪಿಗೂ ಒಂದು ಲಿಂಕ್ ಮಾಡಿಕೊಟ್ಟಿದ್ದೆ. 'ಓ-' ಲಿಂಕ್ ಒತ್ತಿದರೆ ಹೆಸರುಗಳು ಬರುತ್ತಿದ್ದವು. 'ಓ+' ಒತ್ತಿದರೆ ಯಾರೂ ಇಲ್ಲ! ನಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದೇ ಓ ಪಾಸಿಟಿವ್.

ಎರಡು ದಿನ ತಲೆ ಕೆರೆದುಕೊಂಡ ಮೇಲೆ ಭಾಯಿಜಾನ್ ಫೋನಿನಲ್ಲಿ ಹೇಳಿದರು: "ಅರೆ, ಲಿಂಕಿನಲ್ಲಿ ಪ್ರಶ್ನೆ ಚಿಹ್ನೆಯ ನಂತರ ಬರುವ ಪ್ಲಸ್ ಅಂದರೆ ಪ್ಲಸ್ ಅಲ್ಲ, ಖಾಲಿ ಜಾಗ." ಫಾರ್ಮ್‌ನಲ್ಲಿ ತುಂಬಿದ್ದನ್ನು ಬ್ರೌಸರ್ ಕಳಿಸುವಾಗ ಪದಗಳ ನಡುವಿನ ಖಾಲಿ ಜಾಗವನ್ನು ಪ್ಲಸ್ ಚಿಹ್ನೆಯಾಗಿ ಬರೆಯುವ ಪದ್ಧತಿ ಇದೆ. ನಿಜವಾದ ಪ್ಲಸ್ ಹೋಗಬೇಕಾದರೆ ಅದನ್ನು ಶೇಕಡಾ ಚಿಹ್ನೆ, ಎರಡು, ಬಿ ಎಂಬ ಮೂರು ಗುರುತಾಗಿ ಬದಲಾಯಿಸಬೇಕು. ಫಾರ್ಮ್ ಮೂಲಕ ಹೋದರೆ ಬ್ರೌಸರ್ ತಾನೇ ಅದನ್ನು ಮಾಡುತ್ತದೆ. ನಾನು ಲಿಂಕನ್ನು ಕೈಯಲ್ಲಿ ಬರೆದಿದ್ದೆ, ಅದಕ್ಕೇ ಪ್ರೋಗ್ರಾಂಗೆ ತಲುಪಿದ್ದು ಓ ಮತ್ತು ಒಂದು ಖಾಲಿ ಜಾಗ. ಈಗ ಲಿಂಕುಗಳಲ್ಲಿ ಚಿಹ್ನೆ ಇಲ್ಲ, ಪ್ರತಿ ಗುಂಪಿಗೂ ಒಂದು ಸಂಖ್ಯೆ ಇದೆ. ಓದುವವರಿಗೆ ಕಾಣುವ ಹೆಸರು ಬೇರೆ, ದಾರಿಯಲ್ಲಿ ಪ್ರಯಾಣಿಸುವ ಗುರುತು ಬೇರೆ, ಒಳಗೆ ಉಳಿಯುವ ರೂಪ ಬೇರೆ.

ವಯಸ್ಸು ಬೇಡ, ಹುಟ್ಟಿದ ದಿನ ಬೇಕು

ಕಳೆದ ವರ್ಷ 'ವಯಸ್ಸು 18' ಎಂದು ತುಂಬಿದವರು ಈ ವರ್ಷವೂ ನನ್ನ ಟೇಬಲ್ಲಿನಲ್ಲಿ 18ರಲ್ಲೇ ಇದ್ದರು. ವಯಸ್ಸು ಒಂದು ಲೆಕ್ಕದ ಉತ್ತರ, ದಿನ ಕಳೆದಂತೆ ಬದಲಾಗುತ್ತದೆ. ಬದಲಾಗದ್ದು ಹುಟ್ಟಿದ ದಿನಾಂಕ. ಅದನ್ನು ಇಟ್ಟುಕೊಂಡರೆ ವಯಸ್ಸನ್ನು ಬೇಕಾದಾಗ ಲೆಕ್ಕ ಹಾಕಬಹುದು. ಟ್ರಯಲ್ ಬ್ಯಾಲೆನ್ಸಿನ ಮೊತ್ತವನ್ನು ಯಾರೂ ಮೊದಲೇ ಬರೆದಿಟ್ಟು ವರ್ಷಗಟ್ಟಲೆ ಬಳಸುವುದಿಲ್ಲವಲ್ಲ, ಇದೂ ಹಾಗೆಯೇ.

'ಈಗ ರಕ್ತ ಕೊಡಬಹುದೇ' ಎಂಬುದೂ ಇಂಥದ್ದೇ. ನಮ್ಮ ದೇಶದ ನಿಯಮದಂತೆ ಒಮ್ಮೆ ರಕ್ತ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಬಿಡಬೇಕು. 2025ರ ಜನವರಿ 10ರಂದು ಕೊಟ್ಟ ಗಂಡಸರು ಏಪ್ರಿಲ್ 10ರಿಂದ, ಹೆಂಗಸರು ಮೇ 10ರಿಂದ ಮತ್ತೆ ಕೊಡಬಹುದು. ಹಾಗಾಗಿ ಟೇಬಲ್ಲಿನಲ್ಲಿ ಇರುವುದು ಕೊನೆಯ ದಾನದ ದಿನಾಂಕ ಮಾತ್ರ. 'ಕೊಡಬಹುದು, ಕೊಡಬಾರದು' ಎಂಬುದನ್ನು ಹುಡುಕುವ ದಿನವೇ ಲೆಕ್ಕ ಹಾಕುತ್ತೇವೆ.

ಕಲ್ ಅಂದರೆ ಯಾವ ದಿನ?

ದಿನಾಂಕದ ಜಾಗದಲ್ಲಿ ಬಂದಿದ್ದ ಉತ್ತರಗಳನ್ನು ಓದಿ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. 'ಮೂರು ತಿಂಗಳಾಯಿತು', 'ಕಳೆದ ರಂಜಾನ್‌ಗೆ ಮೊದಲು', 'ನೆನಪಿಲ್ಲ', '05/06'. ನಕ್ಕ ಮೇಲೆ ಯೋಚಿಸಿದೆ. ನಾವು ಮನೆಯಲ್ಲಿ ಉರ್ದು ಮಾತಾಡುವವರು. ಉರ್ದುವಿನಲ್ಲಿ 'ಕಲ್' ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. 'ಪರ್ಸೊಂ' ಅಂದರೆ ಮೊನ್ನೆಯೂ ಹೌದು, ನಾಡಿದ್ದೂ ಹೌದು. ಅಬ್ಬಾ "ಕಲ್ ಪುತ್ತೂರು" ಎಂದರೆ ಅವರು ಹೋಗಿ ಬಂದದ್ದೋ ಹೋಗಲಿರುವುದೋ ಅಮ್ಮಿಗೆ ಮಾತಿನ ಧಾಟಿಯಲ್ಲೇ ತಿಳಿಯುತ್ತದೆ. ಪ್ರೋಗ್ರಾಂಗೆ ಧಾಟಿ ತಿಳಿಯುವುದಿಲ್ಲ. ರಂಜಾನ್ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ ಎಂಬುದೂ ಅದಕ್ಕೆ ಗೊತ್ತಿಲ್ಲ.

ಆದ್ದರಿಂದ ಬರೆಯುವ ಜಾಗದ ಬದಲು ಕ್ಯಾಲೆಂಡರ್ ತೆರೆಯುವ ಜಾಗ ಇಟ್ಟೆ. ಇದರಲ್ಲಿ ಒಂದು ಸೊಗಸಿದೆ. ತುಂಬುವವರ ಫೋನಿನ ಭಾಷೆಗೆ ತಕ್ಕಂತೆ ಅದು ದಿನವನ್ನು ಮೊದಲೋ ತಿಂಗಳನ್ನು ಮೊದಲೋ ತೋರಿಸುತ್ತದೆ. ಆದರೆ ಕಳಿಸುವಾಗ ಯಾವಾಗಲೂ ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮ: 2025-01-10. ಈ ಕ್ರಮದಲ್ಲಿ ಇಟ್ಟರೆ ಅಕ್ಷರದಂತೆ ಜೋಡಿಸಿದರೂ ಹಳೆಯದು ಮೊದಲು, ಹೊಸದು ಆಮೇಲೆ ಸರಿಯಾಗಿ ಬರುತ್ತದೆ.

ಖಾಲಿ ಬಿಟ್ಟವರದ್ದು ಬೇರೆ ಪ್ರಶ್ನೆ. ಅವರು ಎಂದೂ ರಕ್ತ ಕೊಟ್ಟಿಲ್ಲವೋ ಅಥವಾ ದಿನಾಂಕ ಮರೆತಿದ್ದಾರೋ? ಮೊದಲನೆಯವರನ್ನು ಧೈರ್ಯವಾಗಿ ಕರೆಯಬಹುದು, ಎರಡನೆಯವರನ್ನು ಕೇಳಿಯೇ ಕರೆಯಬೇಕು. ಹಾಗಾಗಿ ದಿನಾಂಕಕ್ಕೆ ಮೊದಲು 'ಹಿಂದೆ ಕೊಟ್ಟಿದ್ದೀರಾ?' ಎಂಬ ಪ್ರಶ್ನೆ ಬಂತು. ಉತ್ತರ ಮೂರು: ಹೌದು, ಇಲ್ಲ, ಕೊಟ್ಟಿದ್ದೇನೆ ಆದರೆ ದಿನ ನೆನಪಿಲ್ಲ.

ಟಿಕ್ ತೆಗೆದರೆ ಏನೂ ಬರುವುದಿಲ್ಲ

'ನನ್ನನ್ನು ಸಂಪರ್ಕಿಸಬಹುದು' ಎಂದು ಟಿಕ್ ಹಾಕುವ ಸಣ್ಣ ಚೌಕವನ್ನು ನಂತರ ಸೇರಿಸಿದ್ದೆ. ಒಬ್ಬ ಅಕ್ಕ ಹೆರಿಗೆಯಾದ ಮೇಲೆ ತಮ್ಮ ವಿವರ ತೆರೆದು ಟಿಕ್ ತೆಗೆದರು. ಆದರೂ ಅವರಿಗೆ ಕರೆ ಹೋಗುತ್ತಲೇ ಇತ್ತು. ಎರಡು ಸಲ ಹೇಳಿದ ಮೇಲೆ ಅವರಿಗೆ ಬೇಜಾರಾಯಿತು.

ಕಾರಣ ಹೀಗೆ. ಟಿಕ್ ಇದ್ದರೆ ಬ್ರೌಸರ್ 'ಹೌದು' ಎಂದು ಕಳಿಸುತ್ತದೆ. ಟಿಕ್ ಇಲ್ಲದಿದ್ದರೆ 'ಇಲ್ಲ' ಎಂದು ಕಳಿಸುವುದಿಲ್ಲ, ಆ ಜಾಗದ ಹೆಸರನ್ನೇ ಕಳಿಸುವುದಿಲ್ಲ. ನನ್ನ ಪ್ರೋಗ್ರಾಂ 'ಬಂದದ್ದನ್ನು ಮಾತ್ರ ಬದಲಾಯಿಸು' ಎಂದು ಬರೆದಿತ್ತು. ಏನೂ ಬರಲಿಲ್ಲ, ಹಳೆಯ 'ಹೌದು' ಹಾಗೆಯೇ ಉಳಿಯಿತು. ಈಗ 'ಈ ಜಾಗದ ಹೆಸರು ಬರದಿದ್ದರೆ ಇಲ್ಲ ಎಂದು ತಿಳಿ' ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ಬೇಡ ಎಂದವರ ಮಾತು ಕೂಡ ಒಂದು ಮಾಹಿತಿ, ಅದನ್ನೂ ಉಳಿಸಬೇಕು.

ಫೋನ್ ನಂಬರ್ ಸಂಖ್ಯೆಯಲ್ಲ

ಫೋನ್ ಕಾಲಂಗೆ ನಾನು ಸಂಖ್ಯೆ ಎಂಬ ಜಾತಿ ಕೊಟ್ಟಿದ್ದೆ. ಪುತ್ತೂರಿನ ಎಸ್‌ಟಿಡಿ ಕೋಡ್ 08251 ಹಾಕಿ ಮನೆಯ ಫೋನ್ ಕೊಟ್ಟವರ ಮೊದಲ ಸೊನ್ನೆ ಹಾರಿಹೋಯಿತು. ಫೋನ್ ನಂಬರುಗಳನ್ನು ನಾವು ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ. ಅವು ಅಂಕಿಯ ವೇಷದಲ್ಲಿರುವ ಹೆಸರುಗಳು, ಅಕ್ಷರವಾಗಿಯೇ ಇಡಬೇಕು.

ಕೆಲವರು ಮುಂದೆ 91 ಹಾಕಿದ್ದರು, ಕೆಲವರು ನಡುವೆ ಜಾಗ ಬಿಟ್ಟಿದ್ದರು, ಒಬ್ಬರು ಕನ್ನಡ ಅಂಕಿಗಳಲ್ಲಿ ಬರೆದಿದ್ದರು. ಅವರೆಲ್ಲರಿಗೂ 'ತಪ್ಪು, ಮತ್ತೆ ಬರೆಯಿರಿ' ಎಂದು ಹೇಳುವ ಅಗತ್ಯ ಏನಿದೆ? ಜಾಗ, ಗೆರೆ, ಮುಂದಿನ 91 ತೆಗೆಯುವುದು, ಕನ್ನಡ ಅಂಕಿಯನ್ನು ಬದಲಾಯಿಸುವುದು ಪ್ರೋಗ್ರಾಂಗೆ ಒಂದು ಕ್ಷಣದ ಕೆಲಸ. ಪೈಥಾನ್‌ಗೆ ಕನ್ನಡದ ೧೮ ಕೊಟ್ಟು ಸಂಖ್ಯೆ ಮಾಡು ಎಂದರೆ 18 ಎಂದೇ ಓದುತ್ತದೆ. ಹಾಗೆ ಶುದ್ಧ ಮಾಡಿದ ಮೇಲೂ ಮೊಬೈಲ್ ನಂಬರಿನಲ್ಲಿ ಹತ್ತು ಅಂಕಿ ಇಲ್ಲದಿದ್ದರೆ ಮಾತ್ರ ವಾಪಸ್ ಕೇಳಬೇಕು. ಕೇಳುವಾಗ ಅವರು ತುಂಬಿದ ಉಳಿದ ವಿವರ ಅಳಿಸಿಹೋಗಬಾರದು. ಎಲ್ಲವನ್ನೂ ಮತ್ತೆ ತುಂಬುವ ಬೇಸರ ಎಂಥದ್ದೆಂದು ಸ್ಕಾಲರ್‌ಶಿಪ್ ಅರ್ಜಿ ಹಾಕಿದ ನಮಗೆಲ್ಲ ಗೊತ್ತು.

ಹೆಸರನ್ನು ಮುಟ್ಟಬೇಡಿ

ಹೀಗೆ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಹುರುಪಿನಲ್ಲಿ ಹೆಸರುಗಳನ್ನೂ 'ಸರಿ' ಮಾಡಲು ಹೊರಟಿದ್ದೆ. ಅಮ್ಮಿ ತಡೆದರು. ಅವರ ಹೆಸರು ರೇಷನ್ ಕಾರ್ಡಿನಲ್ಲಿ ಒಂದು ರೀತಿ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ರೀತಿ ಇದೆ. ಯಾರೋ ಎಂದೋ ತಮಗೆ ಸರಿ ಕಂಡಂತೆ ಟೈಪ್ ಮಾಡಿದ್ದಕ್ಕೆ ಅವರು ಎಷ್ಟೋ ಸಲ ಸಾಲಿನಲ್ಲಿ ನಿಂತಿದ್ದಾರೆ.

ಉರ್ದುವಿನಲ್ಲಿ ಮೀಮ್, ಹೇ, ಮೀಮ್, ದಾಲ್ ಎಂಬ ನಾಲ್ಕು ಅಕ್ಷರದ ಒಂದೇ ಹೆಸರು ಕನ್ನಡಕ್ಕೆ ಬಂದಾಗ ಮುಹಮ್ಮದ್, ಮೊಹಮ್ಮದ್, ಮಹಮ್ಮದ್ ಎಂದು ಮೂರಾಗುತ್ತದೆ. ಇಂಗ್ಲಿಷಿಗೆ ಹೋದರೆ ಇನ್ನೂ ಹೆಚ್ಚು. ಇದರಲ್ಲಿ ಸರಿ ಯಾವುದೆಂದು ಹೇಳುವ ಹಕ್ಕು ಆ ಹೆಸರಿನವರದ್ದು. ಕೆಲವರಿಗೆ ಮುಂದೆ ಇನಿಷಿಯಲ್, ಕೆಲವರಿಗೆ ಹಿಂದೆ, ಕೆಲವರಿಗೆ ಇಲ್ಲವೇ ಇಲ್ಲ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಕಡ್ಡಾಯ ಜಾಗ ಇಟ್ಟರೆ ಒಂದೇ ಹೆಸರಿರುವವರು ಚುಕ್ಕಿ ಹಾಕಿ ಮುಂದೆ ಹೋಗುತ್ತಾರೆ. ಈಗ ನನ್ನ ಫಾರ್ಮ್‌ನಲ್ಲಿ ಹೆಸರಿಗೆ ಒಂದೇ ಜಾಗ. ಬರೆದದ್ದು ಹಾಗೆಯೇ ಉಳಿಯುತ್ತದೆ. ಹುಡುಕಲು ಸುಲಭವಾಗಲಿ ಎಂದು ಚುಕ್ಕಿ, ಜಾಗ ತೆಗೆದ ಇನ್ನೊಂದು ಪ್ರತಿಯನ್ನು ಬೇರೆ ಕಾಲಂನಲ್ಲಿ ಇಟ್ಟಿದ್ದೇನೆ. ಅದನ್ನು ಯಾರಿಗೂ ತೋರಿಸುವುದಿಲ್ಲ.

ಊರಿನದ್ದೂ ಸ್ವಲ್ಪ ಹೀಗೆಯೇ. ನಮ್ಮ ಪೆರಾಬೆ ಮೊದಲು ಪುತ್ತೂರು ತಾಲೂಕಿನಲ್ಲಿತ್ತು, ಈಗ ಕಡಬ ತಾಲೂಕಿನಲ್ಲಿದೆ. ಹಿರಿಯರು ಅಭ್ಯಾಸದಿಂದ ಪುತ್ತೂರು ತಾಲೂಕು ಎಂದೇ ಬರೆಯುತ್ತಾರೆ. ನಾನೀಗ ಗ್ರಾಮವನ್ನು ಮಾತ್ರ ಕೇಳುತ್ತೇನೆ. ಗ್ರಾಮ ಯಾವ ತಾಲೂಕಿಗೆ ಸೇರಿದೆ ಎಂಬುದು ಬೇರೆ ಟೇಬಲ್ಲಿನಲ್ಲಿದೆ. ನಾಳೆ ತಾಲೂಕು ಬದಲಾದರೂ ಒಂದೇ ಕಡೆ ತಿದ್ದಿದರೆ ಸಾಕು.

ಕೇಳದ್ದನ್ನು ತೆಗೆದುಕೊಳ್ಳಬೇಡಿ

ಫಾರ್ಮ್‌ನಲ್ಲಿ ಕಾಣದ ಕಾಲಂಗಳೂ ಟೇಬಲ್ಲಿನಲ್ಲಿ ಇರುತ್ತವೆ. 'ಸರ್ ಪರಿಶೀಲಿಸಿದ್ದಾರೆ' ಎಂಬುದು ಅಂಥ ಒಂದು ಕಾಲಂ. ಬಂದದ್ದೆಲ್ಲವನ್ನೂ ಕಣ್ಣು ಮುಚ್ಚಿ ಟೇಬಲ್ಲಿಗೆ ಹಾಕಿದರೆ, ತಿಳಿದವರು ಯಾರಾದರೂ ಆ ಹೆಸರಿನಲ್ಲಿ 'ಹೌದು' ಎಂದು ತಾವೇ ಸೇರಿಸಿ ಕಳಿಸಬಹುದು. ಹಾಗಾಗಿ ಪ್ರೋಗ್ರಾಂ ತನಗೆ ಬೇಕಾದ ಜಾಗಗಳನ್ನು ಹೆಸರು ಹಿಡಿದು ತೆಗೆದುಕೊಳ್ಳಬೇಕು, ಉಳಿದದ್ದನ್ನು ಬಿಡಬೇಕು.

ನಮ್ಮ ಕರಾವಳಿಯಲ್ಲಿ ಬೇಗ ಕಾಣುವ ಇನ್ನೊಂದು ತೊಂದರೆ ಡಿ'ಸೋಜ ಎಂಬ ಹೆಸರಿನ ನಡುವಿನ ಚಿಹ್ನೆ. ಎಸ್‌ಕ್ಯೂಎಲ್‌ನಲ್ಲಿ ಅದೇ ಚಿಹ್ನೆ ಮಾತು ಮುಗಿಯಿತು ಎಂಬ ಸೂಚನೆ. ಹೆಸರನ್ನು ನೇರವಾಗಿ ವಾಕ್ಯಕ್ಕೆ ಅಂಟಿಸಿದರೆ ವಾಕ್ಯ ಅಲ್ಲೇ ತುಂಡಾಗುತ್ತದೆ. ಕೆಟ್ಟ ಉದ್ದೇಶದವರು ಇದೇ ಕಿಂಡಿಯಿಂದ ಒಳಗೆ ನುಗ್ಗುತ್ತಾರೆ. ವಾಕ್ಯದಲ್ಲಿ ಪ್ರಶ್ನೆ ಚಿಹ್ನೆ ಇಟ್ಟು, ಬೆಲೆಗಳನ್ನು ಬೇರೆಯಾಗಿ ಕೊಟ್ಟರೆ ಎರಡೂ ತೊಂದರೆ ಇಲ್ಲ.

ವಾಪಸ್ ಬರುವ ದಾರಿ

ಒಳಗೆ ಹೋಗುವಾಗ ರೂಪ ಬದಲಾಯಿಸಿದ ಮೇಲೆ ಹೊರಗೆ ಬರುವಾಗ ಮತ್ತೆ ಬದಲಾಯಿಸಬೇಕು. ಯಾರಾದರೂ ತಮ್ಮ ವಿವರ ತಿದ್ದಲು ಬಂದರೆ ಅವರಿಗೆ ಎರಡು ಕಾಲಂ ತೋರಿಸಬಾರದು, 'ಓ ನೆಗೆಟಿವ್' ಎಂದೇ ತೋರಿಸಬೇಕು. ದಿನಾಂಕ ನಾವು ಓದುವ ಕ್ರಮದಲ್ಲಿ ಕಾಣಬೇಕು. ನಾನು ಈಗ ಪ್ರತಿ ಜಾಗಕ್ಕೂ ಒಂದು ಸರಳ ಪರೀಕ್ಷೆ ಮಾಡುತ್ತೇನೆ: ತುಂಬುವುದು, ಉಳಿಸುವುದು, ತಿದ್ದಲು ತೆರೆಯುವುದು, ಏನನ್ನೂ ಬದಲಾಯಿಸದೆ ಮತ್ತೆ ಉಳಿಸುವುದು. ಟೇಬಲ್ಲಿನಲ್ಲಿ ಒಂದಕ್ಷರವೂ ಬದಲಾಗಿರಬಾರದು. ಬದಲಾಗಿದ್ದರೆ ಎಲ್ಲೋ ತಪ್ಪಿದೆ.

ಒಟ್ಟಿನಲ್ಲಿ ನಾನು ಕಲಿತದ್ದು ಇಷ್ಟು. ಒಂದೇ ಉತ್ತರ ಇರುವುದನ್ನು (ದಿನಾಂಕ, ಫೋನ್, ಗುಂಪು) ಪ್ರೋಗ್ರಾಂ ತಾನೇ ಹೊಂದಿಸಿಕೊಳ್ಳಲಿ. ಲೆಕ್ಕದಿಂದ ಬರುವುದನ್ನು ಉಳಿಸದೆ, ಅದರ ಮೂಲವನ್ನು ಉಳಿಸಲಿ. ಮನುಷ್ಯರೇ ಹೇಳಬೇಕಾದದ್ದನ್ನು (ಹೆಸರು, ಒಪ್ಪಿಗೆ, ಗೊತ್ತಿಲ್ಲ ಎಂಬ ಮಾತು) ಅವರು ಹೇಳಿದಂತೆಯೇ ಇಡಲಿ.

ಹೊಸ ಪುಟ ಸಿದ್ಧವಾದ ದಿನ ಮೊದಲು ನನ್ನದೇ ವಿವರ ತುಂಬಿ ನೋಡಿದೆ. ಹುಟ್ಟಿದ ದಿನಾಂಕ ಹಾಕಿದ ಕೂಡಲೇ 'ನಿಮಗೆ 18 ತುಂಬಿದ ಮೇಲೆ ಬನ್ನಿ, ಕಾಯುತ್ತೇವೆ' ಎಂದು ಬಂತು. ಆ ವಾಕ್ಯ ಬರೆದದ್ದು ನಾನೇ, ಆದರೂ ಸ್ವಲ್ಪ ಬೇಸರವಾಯಿತು. ಇನ್ಶಾ ಅಲ್ಲಾಹ್, ಬರುವ ಮಾರ್ಚ್‌ನಲ್ಲಿ ಮತ್ತೆ ತುಂಬುತ್ತೇನೆ.

ಹಳೆಯ ಪಟ್ಟಿಯ 143 ಮಂದಿಯಲ್ಲಿ 26 ಮಂದಿಯ ಉತ್ತರ ನಮಗೆ ಇನ್ನೂ ಅರ್ಥವಾಗಿಲ್ಲ. ಅವರಿಗೆಲ್ಲ ಎನ್ನೆಸ್ಸೆಸ್ ಗೆಳೆಯರು ಫೋನ್ ಮಾಡಿ ಕೇಳುತ್ತಿದ್ದಾರೆ. ನಿಮ್ಮ ಮನೆಯವರು ಯಾರಾದರೂ ಕಳೆದ ವರ್ಷ ತುಂಬಿದ್ದರೆ ದಯವಿಟ್ಟು ಅವರ ವಿವರ ಒಮ್ಮೆ ತೆರೆದು ನೋಡಲು ಹೇಳಿ. ಫೋನ್ ಇಲ್ಲದವರು ಮಧ್ಯಾಹ್ನದ ಬಿಡುವಿನಲ್ಲಿ ಕಂಪ್ಯೂಟರ್ ಲ್ಯಾಬಿಗೆ ಬಂದರೆ ನಾವೇ ತುಂಬಿಕೊಡುತ್ತೇವೆ.